ಮಟ್ಟಿಯ ಕೆಂಪು

ಗಣಿ ಮತ್ತು ಭೂವಿಜ್ಞಾನ ಇಲಾಖೆಯಿಂದ ನಿವೃತ್ತಳಾದ ಮೇಲೂ ಆಶಾರಾಣಿಯ ಮನೆಗೆ ಕಲ್ಲು ಹಿಡಿದುಕೊಂಡು ಬರುವವರು ಕಡಿಮೆಯಾಗಲಿಲ್ಲ. ದಾವಣಗೆರೆಯ ಎಂ.ಸಿ.ಸಿ. ಬಡಾವಣೆಯ ಆ ಮನೆಯ ಹಿಂದಿನ ಕೋಣೆಯಲ್ಲಿ ಒಂದು ಸೂಕ್ಷ್ಮದರ್ಶಕ, ಒಂದು ಪುಟ್ಟ ತಕ್ಕಡಿ, ಗೋಡೆಯುದ್ದಕ್ಕೂ ಹಲಗೆಗಳ ಮೇಲೆ ಈ ಸೀಮೆಯ ಕಲ್ಲುಗಳು. ಹೊನ್ನಾಳಿ ಕಡೆಯ ಬೆಣಚು, ಚನ್ನಗಿರಿ ಕಡೆಯ ಕಬ್ಬಿಣದ ಅದಿರು, ಹೊಳೆಯಲ್ಲಿ ಉರುಳಿ ನುಣುಪಾದ ಬಣ್ಣಬಣ್ಣದ ಹರಳುಗಳು. ಸೇವೆಗೆ ಸೇರಿದಾಗಿನಿಂದ ಅವಳು ತಿರುಗದ ಗುಡ್ಡ ಈ ಜಿಲ್ಲೆಯಲ್ಲಿ ಉಳಿದಿರಲಿಲ್ಲ.

ಬಾವಿ ತೋಡಿಸುವಾಗ ಹಳದಿ ಕಣ ಕಂಡವರು, ಹೊಲ ಉಳುವಾಗ ಮಿಂಚುವ ಚೂರು ಸಿಕ್ಕವರು ಅವಳ ಹತ್ತಿರ ಬರುತ್ತಿದ್ದರು. ಅವಳು ಕನ್ನಡಕ ಏರಿಸಿ, ಕಲ್ಲನ್ನು ಬೆಳಕಿಗೆ ಹಿಡಿದು, "ಇದು ಬಂಗಾರ ಅಲ್ಲ, ಕಾಗೆಬಂಗಾರ. ಮನೆಗೆ ಹೋಗ್ರಿ" ಎಂದುಬಿಡುತ್ತಿದ್ದಳು. ಸುತ್ತಿ ಬಳಸಿ ಹೇಳುವುದು ಅವಳಿಗೆ ಬರುತ್ತಿರಲಿಲ್ಲ. ಆಸೆ ಹೊತ್ತು ಬಂದವರನ್ನು 'ನೋಡೋಣ' ಎಂದು ತೂಗಾಡಿಸುವುದಕ್ಕಿಂತ ಆ ಹೊರೆಯನ್ನು ಬಾಗಿಲಲ್ಲೇ ಇಳಿಸಿ ಕಳಿಸುವುದು ಒಳ್ಳೆಯದು ಎಂದು ಅವಳು ನಂಬಿದ್ದಳು.

ಆ ವರ್ಷದ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಅವಳ ಅಣ್ಣ ಕೊಟ್ಟೂರಪ್ಪ ಬಂದ. ಹೆಗಲ ಮೇಲಿನ ಟವೆಲನ್ನು ಮೇಜಿನ ಮೇಲಿಟ್ಟು ಗಂಟು ಬಿಚ್ಚಿದ. ಹುಣಸೆಬೀಜದಷ್ಟು, ಕೆಲವು ನೆಲ್ಲಿಕಾಯಿಯಷ್ಟು ದಪ್ಪನೆಯ ಕಡುಕೆಂಪು ಹರಳುಗಳು ಉರುಳಿದವು.

"ನಮ್ಮ ಮಟ್ಟಿಯಾಗ ಸಿಕ್ಕಾವೆ," ಎಂದ.

ಮಟ್ಟಿ ಎಂದರೆ ಅವರ ಊರಾದ ಕಡರನಾಯಕನಹಳ್ಳಿಯ ಅಂಚಿನಲ್ಲಿದ್ದ ಕಲ್ಲುದಿಬ್ಬ. ಮನೆತನ ಪಾಲಾದಾಗ ದೊಡ್ಡಪ್ಪನ ಮಕ್ಕಳಿಗೆ ನಾಲೆಯ ಕೆಳಗಿನ ಗದ್ದೆಗಳು ಹೋದವು. ಕೊಟ್ಟೂರಪ್ಪನಿಗೆ ಸ್ವಲ್ಪ ಗದ್ದೆ, ಅದರ ಜೊತೆಗೆ ನಾಲೆಯ ನೀರು ಏರಲಾರದ ಈ ದಿಬ್ಬ. ಅವನು ಆಗ ಚಿಕ್ಕವನು, ತಂದೆ ಇರಲಿಲ್ಲ. ಹಿರಿಯರು ಕೂತು ಹೇಳಿದ್ದಕ್ಕೆ ತಲೆಯಾಡಿಸಿದ. ಆಮೇಲೆ ಊರವರು ಅವನನ್ನು 'ಕಲ್ಲುಪಾಲಿನ ಕೊಟ್ಟೂರಪ್ಪ' ಎಂದು ಕರೆದರು. ಗದ್ದೆಯಲ್ಲಿ ಚೆನ್ನಾಗಿ ದುಡಿದ, ಮನೆ ಕಟ್ಟಿಸಿದ, ಮಗನಿಗೆ ಹರಿಹರದಲ್ಲಿ ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿ ಹಾಕಿಸಿಕೊಟ್ಟ. ಆದರೂ ಆ ಹೆಸರು ಹೋಗಲಿಲ್ಲ.

ಆಶಾರಾಣಿ ಭೂವಿಜ್ಞಾನ ಓದಲು ಹೊರಟಾಗ ನೆಂಟರೆಲ್ಲ ನಕ್ಕಿದ್ದರು. ಕಲ್ಲು ನೋಡಾಕ ಕಾಲೇಜು ಯಾಕ ಬೇಕು, ನಮ್ಮ ಮಟ್ಟಿ ಮೇಲೆ ಕೂಡ್ರಿಸಿದ್ರೆ ಸಾಕು ಎಂದಿದ್ದರು. ಅವಳ ಟ್ರಂಕು ಹೊತ್ತು ಹರಿಹರದ ಸ್ಟೇಷನ್ನಿನಲ್ಲಿ ಧಾರವಾಡದ ರೈಲು ಹತ್ತಿಸಿದವನು ಅಣ್ಣನೇ. ನಗುವವರ ಎದುರಿಗೆ ಅವನು ಹೇಳಿದ್ದು ಎರಡೇ ಮಾತು: "ಓದ್ಲಿ ಬಿಡ್ರಿ."

ಈಗ ಅವನು ಎದುರಿಗೆ ಕೂತು ಅವಳ ಮುಖವನ್ನೇ ನೋಡುತ್ತಿದ್ದ.

"ಬಳ್ಳಾರಿ ಕಡೆಯಿಂದ ಹರಳಿನ ವ್ಯಾಪಾರಿ ಒಬ್ಬ ಬಂದಿದ್ದ. ನೋಡಿದ ಕೂಡ್ಲೇ ಕೆಂಪು ಅಂದ. ಮೇಲೆ ಸಿಗೋವು ಹಿಂಗೇ ಮಸಕು ಇರ್ತಾವಂತೆ, ಕೆಳಗೆ ಹೋದಂಗೆ ಚೊಕ್ಕ ಬರ್ತಾವಂತೆ. ಅವನ ಮಾತು ನಾನು ನಂಬಲಿಲ್ಲ. ನಮ್ಮ ಮನ್ಯಾಗೇ ತಂಗಿ ಅದಾಳೆ, ಅವಳನ್ನ ಕೇಳ್ತೀನಿ ಅಂದೆ."

ಕೆಂಪು ಎಂದರೆ ಮಾಣಿಕ್ಯ. ಆಶಾರಾಣಿಗೆ ಆ ಹರಳುಗಳು ಟವೆಲಿನಿಂದ ಉರುಳಿದ ಗಳಿಗೆಯಲ್ಲೇ ಏನೆಂದು ತಿಳಿದಿತ್ತು. ಆದರೂ ಒಂದನ್ನು ತೊಳೆದಳು, ಗಾಳಿಯಲ್ಲೊಮ್ಮೆ ನೀರಿನಲ್ಲೊಮ್ಮೆ ತೂಗಿದಳು, ಅದರ ಮುಖಗಳನ್ನು ಭೂತಗನ್ನಡಿಯಲ್ಲಿ ನೋಡಿದಳು. ಆಮೇಲೆ ಒಳಗೆ ಹೋಗಿ, ಅವ್ವ ಬಿಟ್ಟುಹೋದ ಕೆಂಪಿನ ಓಲೆಗಳನ್ನು ತಂದಳು.

"ಅಣ್ಣ, ನೀನೇ ನೋಡು," ಎಂದು ಕಿಟಕಿಯ ಪರದೆ ಎಳೆದು ಕೋಣೆ ಕತ್ತಲು ಮಾಡಿ, ನೇರಳೆ ಬೆಳಕಿನ ಸಣ್ಣ ದೀಪ ಹಚ್ಚಿದಳು. ಓಲೆಯ ಹರಳುಗಳು ಒಲೆಯೊಳಗಿನ ಕೆಂಡದ ಹಾಗೆ ಹೊತ್ತಿಕೊಂಡವು. ಪಕ್ಕದಲ್ಲಿದ್ದ ಮಟ್ಟಿಯ ಹರಳುಗಳು ಇದ್ದಲಿನ ಚೂರುಗಳಂತೆ ಕಪ್ಪಗೆ ಕೂತಿದ್ದವು.

"ಅವ್ವನ ಓಲೆಯಾಗಿರೋದು ಕೆಂಪು, ಈ ಬೆಳಕಿಗೆ ಉರೀತೈತೆ. ಇದು ಗಾರ್ನೆಟ್. ಬಣ್ಣ ಹತ್ತಿರ ಐತೆ, ಜಾತಿ ಬೇರೆ. ಒಳಗೆಲ್ಲ ಬಿರುಕು ಬಿಟ್ಟೈತೆ, ಪಾಲಿಶ್ ಹಿಡಿಯೋದಿಲ್ಲ. ಮರಳುಕಾಗದ ಮಾಡಾಕ ಬರ್ತೈತೆ ಅಷ್ಟೇ."

ಅವಳು ಪರದೆ ಸರಿಸಿದಾಗ ಕೊಟ್ಟೂರಪ್ಪ ಹರಳುಗಳನ್ನು ಟವೆಲಿಗೆ ಕಟ್ಟುತ್ತಿದ್ದ.

"ಆ ವ್ಯಾಪಾರಿ ಹೇಳಿದ್ದ. ಸರಕಾರದವರು ಯಾವತ್ತೂ ಹೌದು ಅನ್ನೋದಿಲ್ಲ ಅಂತ."

"ನಾನು ಸರಕಾರದೋಳಾ, ಅಣ್ಣ?"

ಅವನು ಚಹಾ ಕುಡಿಯದೆ ಎದ್ದ. ಗೇಟಿನ ತನಕ ಹಿಂದೆ ಹೋದ ಅವಳು ಇನ್ನೊಂದು ಮಾತು ಹೇಳಿದಳು. ಆ ಮಟ್ಟಿಯದು ಪದರಗಲ್ಲು, ಪದರಗಳು ಓರೆಯಾಗಿ ಮಲಗಿವೆ, ಮೇಲ್ಗಡೆಯೆಲ್ಲ ಕೊಳೆತು ಪುಡಿಯಾಗಿದೆ, ಆಳ ತೋಡಬೇಡ. ಅವನು ಕೇಳಿಸಿಕೊಂಡನೋ ಇಲ್ಲವೋ, ಬಸ್ ಸ್ಟ್ಯಾಂಡಿನ ಕಡೆ ನಡೆದ.

ತೋಡುವುದು ನಿಲ್ಲಲಿಲ್ಲ. ವ್ಯಾಪಾರಿ ಬಂದುಹೋಗುತ್ತಲೇ ಇದ್ದ. ಊರಿನ ಮೈಲಪ್ಪ ಮತ್ತು ಇನ್ನಷ್ಟು ಕೂಲಿಯವರು ಕೆಳಗಿಳಿದು ಅಗೆಯುತ್ತಿದ್ದರು, ಅವರ ಜೊತೆ ಕೊಟ್ಟೂರಪ್ಪನೂ ಇಳಿಯುತ್ತಿದ್ದ. ಹತ್ತಿರದ ಭಾನುವಳ್ಳಿಯಿಂದಲೂ ಜನ ನೋಡಲು ಬರುತ್ತಿದ್ದರು. ಮಟ್ಟಿಯ ಮೇಲೆ ಬೈಕುಗಳು ಸಾಲಾಗಿ ನಿಲ್ಲುತ್ತಿದ್ದವು. ಆಶಾರಾಣಿ ಒಂದು ದಿನ ತಾನೇ ಹೋಗಿ ನೋಡಿದಳು. ಗುಂಡಿಯೊಳಗೆ ಬಿದಿರಿನ ಏಣಿ ಇಳಿಬಿಟ್ಟಿದ್ದರು. ಆಸರೆಗೆ ಒಂದು ಕಂಬ ಕೂಡ ಇರಲಿಲ್ಲ. ಒಂದು ಬದಿಯ ಗೋಡೆಯಲ್ಲಿ ಪದರಗಳು ಜಾರುಬಂಡಿಯಂತೆ ಗುಂಡಿಯೊಳಕ್ಕೇ ವಾಲಿದ್ದವು, ನಡುನಡುವೆ ಕಾಗೆಬಂಗಾರದ ನುಣುಪು. ಇಂಥ ಗೋಡೆಗೆ ಒಂದಿಷ್ಟು ನೀರು ಬಸಿದರೆ ಸಾಕು.

"ನಾಲೆಗೆ ನೀರು ಬಿಡೋ ಮೊದಲು ಇದನ್ನ ಮುಚ್ಚು ಅಣ್ಣ," ಎಂದಳು.

ಗುಂಡಿಯೊಳಗಿನಿಂದಲೇ ಅವನು ತಲೆಯೆತ್ತಿದ. ಮುಖವೆಲ್ಲ ಅಭ್ರಕದ ಪುಡಿ ಮೆತ್ತಿ ಮಿರಮಿರ ಎನ್ನುತ್ತಿತ್ತು. "ನಿನ್ನ ಕೆಲಸ ಮುಗೀತು ಹೋಗವ್ವ. ನನ್ನ ಪಾಲು, ನಾನು ತೋಡ್ತೀನಿ."

ಮರುವಾರ ಅತ್ತಿಗೆ ದ್ರಾಕ್ಷಾಯಣಮ್ಮ ಒಬ್ಬಳೇ ದಾವಣಗೆರೆಗೆ ಬಂದಳು. ಒಳಗೆ ಬಂದವಳು ಕೂಡ್ರಲೂ ಇಲ್ಲ.

"ಆಶಾ, ಅವರು ಯಾರ ಮಾತೂ ಕೇಳ್ತಿಲ್ಲ. ನಿನ್ನೆ ಗೋಡೆಯಿಂದ ಒಂದು ಚಪ್ಪಡಿ ಬಿತ್ತು, ಮೈಲಪ್ಪನ ಕಾಲಿನ ಪಕ್ಕಕ್ಕೇ. ಅವನು ಇವತ್ತು ಕೆಲಸಕ್ಕೆ ಬರಲಿಲ್ಲ. ಇವರು ಒಬ್ಬರೇ ಇಳಿದಾರೆ. ಏನಾದ್ರೂ ಒಂದು ಸುಳ್ಳು ಹೇಳು. ಜಮೀನು ಸರಕಾರ ಕಿತ್ಕೊಳ್ತೈತೆ ಅಂತ ಹೇಳು, ಜೈಲಿಗೆ ಹಾಕ್ತಾರೆ ಅಂತ ಹೇಳು. ಹೆದರಿ ಬಿಡ್ತಾರೆ."

"ಸುಳ್ಳು ಯಾಕ ಅತ್ತಿಗೆ? ಪರವಾನಗಿ ಇಲ್ಲದೆ ತೋಡೋದು ತಪ್ಪೇ. ನಾನು ದೂರು ಕೊಟ್ರೆ ಇಲಾಖೆಯವರು ಬಂದು ನಿಲ್ಲಿಸ್ತಾರೆ."

ದ್ರಾಕ್ಷಾಯಣಮ್ಮ ಬೆಚ್ಚಿ ಅವಳನ್ನೇ ನೋಡಿದಳು. "ನಿನ್ನ ಅಣ್ಣನ ಮೇಲೆ?"

ಅಂದು ಸಂಜೆಯವರೆಗೂ ಆಶಾರಾಣಿ ಹಿಂದಿನ ಕೋಣೆಯಲ್ಲಿ ಕೂತಿದ್ದಳು. ಗಂಡ ನಾಗಭೂಷಣ್ ಎರಡು ಸಲ ಬಾಗಿಲಲ್ಲಿ ನಿಂತು ನೋಡಿ ಹಿಂದಿರುಗಿದ. ಮರುದಿನ ಬೆಳಗ್ಗೆ ಅವಳು ತನ್ನ ಹಳೆಯ ಕಚೇರಿಗೆ ಹೋದಳು. ಅವಳ ಕೈಕೆಳಗೆ ಕೆಲಸ ಕಲಿತಿದ್ದ ರೂಪಶ್ರೀ ಈಗ ಅಲ್ಲಿ ಭೂವಿಜ್ಞಾನಿ. ದೂರು ಓದಿದ ರೂಪಶ್ರೀ, "ಮೇಡಂ, ಹೆಸರು ಹಾಕದೇನೂ ಕೊಡಬಹುದು," ಎಂದಳು.

"ಬ್ಯಾಡ. ಹೆಸರು ಇರ್ಲಿ."

ಹೊರಗೆ ಬಂದು ಅಣ್ಣನಿಗೆ ಫೋನ್ ಮಾಡಿದಳು. "ನಾಳೆ ಇಲಾಖೆಯವರು ಬಂದು ಗುಂಡಿ ತೋಡೋದು ನಿಲ್ಲಿಸ್ತಾರೆ. ದೂರು ಕೊಟ್ಟೋಳು ನಾನು. ಬೇರೆಯವರ ಬಾಯಿಂದ ನೀನು ಕೇಳಬಾರದು ಅಂತ ನಾನೇ ಹೇಳ್ತಿದ್ದೀನಿ."

ಆ ಕಡೆಯಿಂದ ಗುದ್ದಲಿ ಕೆಳಗಿಟ್ಟ ಸಪ್ಪಳ ಕೇಳಿತು. ಆಮೇಲೆ ಕೊಟ್ಟೂರಪ್ಪ, "ಫೋನ್ ಇಡು," ಎಂದ. ಅಷ್ಟೇ.

ಅಧಿಕಾರಿಗಳು ಬಂದರು, ನೋಟಿಸು ಅಂಟಿಸಿದರು, ಸುತ್ತ ತಂತಿ ಬಿಗಿದು ಬೋರ್ಡು ನೆಟ್ಟರು. ವ್ಯಾಪಾರಿ ಮತ್ತೆ ಊರ ಕಡೆ ಸುಳಿಯಲಿಲ್ಲ. ಮಳೆ ಹಿಡಿಯಿತು, ನಾಲೆಗೆ ನೀರು ಬಿಟ್ಟರು. ಒಂದು ಬೆಳಗ್ಗೆ ಮಟ್ಟಿಯ ಕಡೆಯಿಂದ ದೊಡ್ಡ ಸದ್ದು ಕೇಳಿ ಊರವರು ಓಡಿಹೋಗಿ ನೋಡಿದರೆ ಗುಂಡಿಯ ವಾಲಿದ ಗೋಡೆ ಪೂರ್ತಿ ಕುಸಿದಿತ್ತು. ಏಣಿಯ ತುದಿ ಮಾತ್ರ ಮಣ್ಣಿನಿಂದ ಹೊರಗೆ ಚಾಚಿತ್ತು. ಒಳಗೆ ಯಾರೂ ಇರಲಿಲ್ಲ.

ಇದನ್ನು ಅತ್ತಿಗೆ ಆಶಾರಾಣಿಗೆ ಫೋನಿನಲ್ಲಿ ಹೇಳಿದಳು. ಅಣ್ಣ ಈಗ ಮಾತಾಡಬಹುದು ಎಂದು ಅವಳಿಗೆ ಅನ್ನಿಸಿತು. ಅವನು ಮಾತಾಡಲಿಲ್ಲ. ಹಬ್ಬಕ್ಕೆ ಕರೆಯಲಿಲ್ಲ, ಅವಳು ಹೋದರೆ ಹೊಲಕ್ಕೆ ಎದ್ದು ಹೋಗುತ್ತಿದ್ದ.

ಅವಳು ಎಣಿಸದೇ ಇದ್ದ ಇನ್ನೊಂದು ಸಂಗತಿ ಊರಿನಲ್ಲಿ ನಡೆಯಿತು. ಸರಕಾರವೇ ಬಂದು ಬೇಲಿ ಹಾಕಿದ ಮೇಲೆ ಕೆಂಪು ಇದ್ದದ್ದು ಖರೆ ಎಂದು ಜನ ಮಾತಾಡಿಕೊಂಡರು. ಏನೂ ಇಲ್ಲದ ಕಲ್ಲಿಗೆ ಯಾರಾದರೂ ತಂತಿ ಬಿಗಿಯುತ್ತಾರೆಯೇ? ಕಲ್ಲುಪಾಲು ಎಂಬ ಹೆಸರು ತಾನಾಗಿ ಮರೆಯಾಯಿತು. 'ಕೆಂಪಿನ ಮಟ್ಟಿ ಕೊಟ್ಟೂರಪ್ಪ' ಎಂದು ಕರೆಯತೊಡಗಿದರು. ಪಂಚಾಯ್ತಿ ಕಟ್ಟೆಯಲ್ಲಿ ಅವನಿಗೆ ಸರಿದು ಜಾಗ ಕೊಡುತ್ತಿದ್ದರು.

ಮುಂದಿನ ವರ್ಷ ಅವನ ಹೃದಯ ಸೋತಿತು. ದಾವಣಗೆರೆಯ ಆಸ್ಪತ್ರೆಗೆ ತಂದರು. ಆಶಾರಾಣಿ ದಿನವೂ ಹೋಗಿ ಹಾಸಿಗೆಯ ಪಕ್ಕ ಕೂಡ್ರುತ್ತಿದ್ದಳು. ಅವನು ಗೋಡೆಯ ಕಡೆ ಮುಖ ಮಾಡಿ ಮಲಗುತ್ತಿದ್ದ. ಅತ್ತಿಗೆ ಇಬ್ಬರ ನಡುವೆ ಗಂಜಿಯ ಬಟ್ಟಲು ಹಿಡಿದು ಓಡಾಡುತ್ತಿದ್ದಳು. ಹೀಗೆ ಕೆಲವು ದಿನ ಕಳೆದ ಮೇಲೆ ಒಂದು ಬೆಳಗ್ಗೆ, ಅವಳು ಕಿತ್ತಳೆ ಬಿಡಿಸುತ್ತಿದ್ದಾಗ, ಅವನು ಇದ್ದಕ್ಕಿದ್ದಂತೆ ಕೇಳಿದ:

"ಊರಾಗ ಏನಂತಾರೆ, ಗೊತ್ತೈತಾ ನಿನಗೆ?"

"ಗೊತ್ತು."

"ಯಾರಾದ್ರೂ ನಿನ್ನ ಕೇಳ್ಯಾರಾ?"

"ಇಲ್ಲ."

"ಕೇಳಿದ್ರೆ ಏನಂತಿ?"

ಅವಳು ಕಿತ್ತಳೆಯನ್ನು ಕೆಳಗಿಟ್ಟಳು. "ಗಾರ್ನೆಟ್ ಅಂತೀನಿ ಅಣ್ಣ."

ಕೊಟ್ಟೂರಪ್ಪ ಹೊರಳಿ ಅವಳ ಕಡೆ ತಿರುಗಿದ. ಅವನ ಮುಖದಲ್ಲಿ ಕೋಪವಿರಲಿಲ್ಲ. "ನನಗೆ ಅವತ್ತೇ ಗೊತ್ತಾತು. ನೀನು ಆ ದೀಪ ಹಚ್ಚಿದಿಯಲ್ಲ, ಅವಾಗ್ಲೇ. ಅವ್ವನ ಓಲೆ ಹೊತ್ತಿಕೊಂಡಿದ್ದು ನಾನೂ ಕಂಡೆ."

"ಮತ್ತೆ ಯಾಕ ತೋಡಿದಿ?"

"ಜನ ಬರ್ತಿದ್ರು." ಸ್ವಲ್ಪ ಉಸಿರು ತೆಗೆದುಕೊಂಡ. "ಪಾಲು ಆದಾಗಿಂದ ಆ ಮಟ್ಟಿ ಕಡೆ ಒಬ್ಬನೂ ತಿರುಗಿ ನೋಡಿರಲಿಲ್ಲ. ಬೈಕ್ ನಿಲ್ಲಿಸಿ ನೋಡ್ತಿದ್ರು. ನಿಲ್ಲಿಸಿಬಿಟ್ರೆ ಮತ್ತೆ ಅದೇ ಕಲ್ಲು. ಇನ್ನೊಂದು ದಿನ, ಇನ್ನೊಂದು ದಿನ ಅಂತ ತೋಡಿದೆ."

ಆಶಾರಾಣಿ ತನಗೆ ಗೊತ್ತಿದ್ದನ್ನೇ ಹೇಳತೊಡಗಿದಳು. "ಆ ಮಟ್ಟಿ ಮೊದಲು ಏನಿತ್ತು ಗೊತ್ತಾ ಅಣ್ಣ? ಕೆಸರು. ಸಮುದ್ರದ ತಳದ ಕೆಸರು."

"ಕೆಸರಾ?" ಅವನ ತುಟಿಯಂಚಿನಲ್ಲಿ ನಗು ಸುಳಿಯಿತು. "ನಮ್ಮ ಗದ್ದೆಯಾಗಿನಂಥದ್ದಾ?"

"ಹೂಂ. ಅದರ ಮೇಲೆ ಗುಡ್ಡದ ಮೇಲೆ ಗುಡ್ಡ ಕೂತು, ಭೂಮಿಯೊಳಗೆ ಎಷ್ಟೋ ಆಳಕ್ಕೆ ಹೋಯ್ತು. ಅಲ್ಲಿ ಕಾದು, ಒತ್ತಿಸಿಕೊಂಡು, ಕೆಸರಿನಾಗಿದ್ದ ಕಬ್ಬಿಣ ಎಲ್ಲ ಒಂದೊಂದು ಕಡೆ ಕೂಡಿಕೊಂಡು ಹರಳಾತು. ಯಾರೂ ಕೊರೀದೆ, ತಾನೇ ಮುಖ ಮಾಡಿಕೊಂಡು ಬೆಳೀತು. ಇನ್ನೂರೈವತ್ತು ಕೋಟಿ ವರ್ಷದ ಮಾತು ಇದು. ನೀನು ತಂದಿಯಲ್ಲ, ಆ ನೆಲ್ಲಿಕಾಯಿ ಗಾತ್ರದ್ದು, ಅಷ್ಟು ದೊಡ್ಡದು, ಅಷ್ಟು ತಿದ್ದಿದಂಗೆ ಮುಖ ಇರೋದು ನಾನು ಈ ಜಿಲ್ಲೆಯಾಗ ಬೇರೆಲ್ಲೂ ಕಂಡಿಲ್ಲ."

ಅವನು ಕಣ್ಣು ಮಿಟುಕಿಸದೆ ಕೇಳುತ್ತಿದ್ದ. "ಇದನ್ನ ಅವತ್ತೇ ಯಾಕ ಹೇಳಲಿಲ್ಲ ನೀನು?"

ಅಂದು ಅವಳು ಮರಳುಕಾಗದ ಎಂದಿದ್ದಳು. ಅದು ಏನಲ್ಲ ಎಂದು ಹೇಳಿದ್ದಳೇ ಹೊರತು ಏನು ಎಂದು ಹೇಳಿರಲಿಲ್ಲ. ಇಷ್ಟು ವರ್ಷ ಕಲ್ಲು ಹಿಡಿದು ಬಂದ ಎಷ್ಟು ಜನರನ್ನು ಹಾಗೆ ಕಳಿಸಿದ್ದಳೋ.

"ನಾನೊಂದು ಕೇಳ್ತೀನಿ," ಎಂದ ಕೊಟ್ಟೂರಪ್ಪ. "ಸುಳ್ಳು ಹೇಳಂತ ಅನ್ನೋದಿಲ್ಲ. ಊರಾಗ ಯಾರಾದ್ರೂ ಕೇಳಿದ್ರೆ ಸುಮ್ಮನಿದ್ದುಬಿಡು. ಅಷ್ಟು ಮಾಡು."

ಬಾಗಿಲ ಬಳಿ ಅತ್ತಿಗೆ ಬಟ್ಟಲು ಹಿಡಿದು ನಿಂತಿದ್ದಳು. ಆಶಾರಾಣಿ ಅಣ್ಣನ ಕೈ ಹಿಡಿದು, "ಆಯ್ತು," ಎಂದಳು.

ಆ ವಾರ ಮುಗಿಯುವ ಮೊದಲೇ ಅವನು ತೀರಿಕೊಂಡ. ಮಟ್ಟಿಯ ಮೇಲೇ ಮಣ್ಣು ಮಾಡಬೇಕೆಂದು ಹೆಂಡತಿಗೆ ಹೇಳಿದ್ದನಂತೆ. ಹಾಗೇ ಮಾಡಿದರು. ವಿಭೂತಿ ಹಚ್ಚಿ, ಕೂಡ್ರಿಸಿ ಒಯ್ದರು. ಸಮಾಧಿಗೆ ಮೈಲಪ್ಪ ನೆಲ ಅಗೆಯುವಾಗ ಮಣ್ಣಿನ ಜೊತೆ ಕೆಂಪು ಹರಳುಗಳು ಮೇಲೆ ಬಂದವು. ಒಂದನ್ನು ಅವನು ಅಂಗೈಯಲ್ಲಿ ಒರೆಸಿ ಎತ್ತಿ ಹಿಡಿದಾಗ ಸುತ್ತಲಿದ್ದವರು ಮುಂದೆ ಬಾಗಿ ನೋಡಿದರು. ಕೊಟ್ಟೂರಪ್ಪನ ಮಗ ಬಸವಕಿರಣ್ ಅದನ್ನೇ ದಿಟ್ಟಿಸುತ್ತಿದ್ದುದನ್ನು ಆಶಾರಾಣಿ ಕಂಡಳು.

ಕೊಟ್ಟೂರಪ್ಪನ ಹೆಸರಿನ ಶಿವಗಣಾರಾಧನೆಯ ದಿನ ಊಟ ಮುಗಿದು ಹಿರಿಯರು ಚಪ್ಪರದಡಿ ಕೂತಿದ್ದಾಗ ಬಸವಕಿರಣ್ ಎದ್ದು ನಿಂತ.

"ಎಲ್ಲಾರ ಮುಂದೆ ಹೇಳ್ತಿದ್ದೀನಿ. ಅಪ್ಪ ಅರ್ಧಕ್ಕೆ ಬಿಟ್ಟ ಕೆಲಸ ನಾನು ಮುಗಿಸ್ತೀನಿ. ಈ ಸಲ ಕಾಯ್ದೆ ಪ್ರಕಾರ ಅರ್ಜಿ ಹಾಕ್ತೀನಿ. ಅರ್ಜಿ ಪಾಸಾಗೋತನಕ ಆ ಕುಸಿದ ಮಣ್ಣನ್ನಾದ್ರೂ ತೆಗೆಸ್ತೀನಿ. ನಾನೇ ಇಳೀತೀನಿ. ಅಪ್ಪನ ಮಾತು ಖರೆ ಅಂತ ತೋರಿಸ್ಬೇಕು."

"ಮೇಡಂ ಇಲ್ಲೇ ಅದಾರಲ್ಲಪ್ಪ," ಎಂದ ಪಕ್ಕದ ಹೊಲದ ತಿಪ್ಪೇಶ್. "ಅವರಿಗಿಂತ ತಿಳಿದೋರು ಯಾರು? ಹೇಳ್ರಿ ಮೇಡಂ, ಕೆಂಪು ಹೌದಲ್ರಿ?"

ಚಪ್ಪರದಲ್ಲಿದ್ದ ಎಲ್ಲರೂ ಅವಳ ಕಡೆ ತಿರುಗಿದರು. ನಡುಮನೆಯ ಹೊಸ್ತಿಲಲ್ಲಿ ದ್ರಾಕ್ಷಾಯಣಮ್ಮ ನಿಂತಿದ್ದಳು. ಆಸ್ಪತ್ರೆಯಲ್ಲಿ ಕೊಟ್ಟ ಮಾತನ್ನು ಕೇಳಿಸಿಕೊಂಡವಳು ಅವಳೊಬ್ಬಳೇ. ಆಶಾರಾಣಿ ಅತ್ತಿಗೆಯನ್ನು ನೋಡಿದಳು, ಆಮೇಲೆ ಬಸವಕಿರಣನನ್ನು. ತಂದೆಯದೇ ಎತ್ತರ, ತಂದೆಯದೇ ಹಣೆ.

"ಕೆಂಪು ಅಲ್ಲ," ಎಂದಳು. "ಗಾರ್ನೆಟ್. ಮಾಣಿಕ್ಯ ಆ ಮಟ್ಟಿಯಾಗ ಇಲ್ಲ, ಎಷ್ಟು ಆಳ ಹೋದ್ರೂ ಇಲ್ಲ."

ಯಾರೋ ಕೆಮ್ಮಿದರು. ತಿಪ್ಪೇಶ್ ನಂಬದವನಂತೆ ಕೇಳಿದ, "ಮತ್ತೆ ಸರಕಾರ ಯಾಕ ಬಂದು ಮುಚ್ಚಿಸ್ತು?"

"ಗೋಡೆ ಬೀಳೋದಿತ್ತು. ನನ್ನ ಅಣ್ಣ ಅದರೊಳಗೆ ಇಳೀತಿದ್ದ. ದೂರು ಕೊಟ್ಟೋಳು ನಾನು."

"ಹಂಗಾದ್ರೆ ಕೊಟ್ಟೂರಪ್ಪಗೆ ಇದು ಗೊತ್ತಿರಲಿಲ್ಲೇನು?"

ಆ ಪ್ರಶ್ನೆಗೆ ಅವಳು ಬಾಯಿ ಬಿಡಲಿಲ್ಲ. ಎಷ್ಟು ಹೊತ್ತಾದರೂ ಬಿಡಲಿಲ್ಲ. ತಿಪ್ಪೇಶ್ ಕಾದು ಕಾದು ತಲೆ ತಗ್ಗಿಸಿದ. ಬಸವಕಿರಣ್ ಮಾತ್ರ ಕೆಂಡವಾಗಿದ್ದ.

"ಅಪ್ಪ ಹೋದ ಮೇಲೆ ಇದನ್ನ ಹೇಳಾಕ ಬಂದಿರೇನು ಅತ್ತೆ?" ಎಂದವನೇ ಚಪ್ಪಲಿ ಮೆಟ್ಟಿ ಹೊರಟುಹೋದ.

ಅವಳು ಅವನ ಹಿಂದೆಯೇ ಮಟ್ಟಿಗೆ ಹೋದಳು. ಅವನು ತಂತಿಯ ಬೇಲಿ ಹಿಡಿದು ನಿಂತಿದ್ದ. ಅವಳು ಸಮಾಧಾನ ಮಾಡಲಿಲ್ಲ. ಕುಸಿದ ಗೋಡೆಯ ಪದರಗಳು ಹೇಗೆ ವಾಲಿವೆ, ಎದುರಿನ ಗೋಡೆ ಇನ್ನೂ ಹೇಗೆ ನಿಂತಿದೆ, ಮೇಲೆ ಬಿರುಕು ಎಲ್ಲಿಯವರೆಗೆ ಹರಿದಿದೆ ಎಂದು ಒಂದೊಂದಾಗಿ ತೋರಿಸಿದಳು. ಆಮೇಲೆ ಕೆಸರಿನ ಕಥೆ ಹೇಳಿದಳು, ಆಸ್ಪತ್ರೆಯಲ್ಲಿ ಅಣ್ಣನಿಗೆ ಹೇಳಿದ ಹಾಗೇ. ಅವನು ಬಿರುಕಿನ ಉದ್ದಕ್ಕೂ ನಡೆದು ನೋಡಿದ. ಅದು ತಂದೆಯ ಸಮಾಧಿಯ ಹತ್ತಿರಕ್ಕೇ ಬಂದಿತ್ತು.

"ಇದು ಇನ್ನೂ ಬೆಳೀತೈತೇನು?" ಎಂದು ಕೇಳಿದ.

"ಗುಂಡಿ ತೆರೆದಿರೋತನಕ ಬೆಳೀತೈತೆ."

ಅವನು ಜೇಬಿನಿಂದ ಫೋನ್ ತೆಗೆದು ಹರಿಹರದ ಯಾರಿಗೋ ಗುಂಡಿ ಮುಚ್ಚಲು ನಾಳೆ ಬೆಳಗ್ಗೆ ಜೆಸಿಬಿ ಬೇಕೆಂದು ಹೇಳಿದ. ಹಿಂದಿರುಗುವಾಗ, ದಾರಿಯಲ್ಲಿ ಕಲ್ಲು ಬಂದಲ್ಲಿ, ಅವಳ ಕೈ ಹಿಡಿದು ದಾಟಿಸಿದ.

ಮನೆಯಲ್ಲಿ ಜನ ಹೋಗಿಯಾಗಿತ್ತು. ದ್ರಾಕ್ಷಾಯಣಮ್ಮ ಹಿತ್ತಿಲ ಕಟ್ಟೆಯ ಮೇಲೆ ಕೂತು ದೊಡ್ಡ ಪಾತ್ರೆಗಳನ್ನು ತಿಕ್ಕುತ್ತಿದ್ದಳು. ನಾದಿನಿಯನ್ನು ಕಂಡು ಪಕ್ಕಕ್ಕೆ ಸರಿದು ಜಾಗ ಮಾಡಿದಳು.

"ಅವರಿಗೆ ಮಾತು ಕೊಟ್ಟಿದ್ದಿ," ಎಂದಳು ದ್ರಾಕ್ಷಾಯಣಮ್ಮ.

"ಕೊಟ್ಟಿದ್ದೆ ಅತ್ತಿಗೆ."

"ಅವರಿಗೆ ಗೊತ್ತಿತ್ತು ಅನ್ನೋದನ್ನ ಹೇಳಲಿಲ್ಲ ನೀನು."

"ಇಲ್ಲ. ಅದನ್ನ ಹೇಳೋದಿಲ್ಲ."

ದ್ರಾಕ್ಷಾಯಣಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. ತಿಕ್ಕಿದ ಪಾತ್ರೆಯೊಂದನ್ನು ಗೋಡೆಗೆ ಬೋರಲು ಹಾಕಿ, "ಕೊನೇ ಬಸ್ಸಿಗೆ ಹೋಗಬ್ಯಾಡ ಇವತ್ತು. ಇಲ್ಲೇ ಇರು," ಎಂದಳು. ಆಶಾರಾಣಿ ತಲೆಯಾಡಿಸಿ, ತಾನೂ ಒಂದು ಪಾತ್ರೆ ಎಳೆದುಕೊಂಡಳು.